ರೈನ್ ಕಣಿವೆಯ ಕೋಟೆಗಳು, ಹಳೆಯ ಊರುಗಳು: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು?

ಕುಕ್ಕರಹಳ್ಳಿ:

ಎಲ್ಲರಿಗೂ ನಮಸ್ಕಾರ. ಮುಂದಿನ ಮೇ ತಿಂಗಳಲ್ಲಿ ಅಪ್ಪ, ಅಮ್ಮನನ್ನು ಕರೆದುಕೊಂಡು ಜರ್ಮನಿಗೆ ಹೋಗುವ ಯೋಚನೆ ಇದೆ. ತಂಗಿ ಫ್ರಾಂಕ್‌ಫರ್ಟ್‌ನಲ್ಲಿ ಕೆಲಸದಲ್ಲಿದ್ದಾಳೆ, ಅವಳ ಮನೆಯಲ್ಲೇ ಇಳಿದುಕೊಳ್ಳುತ್ತೇವೆ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಯಾವ ಕೋಟೆಗೆ ಹೋದರೂ ಬಾಗಿಲು ಯಾಕೆ ಹೀಗೆ ತಿರುಗಿದೆ, ನೀರು ಎಲ್ಲಿಂದ ಬರುತ್ತಿತ್ತು ಎಂದು ತಿಳಿಯದೆ ಅವರು ಹೊರಡುವುದಿಲ್ಲ. ಅಮ್ಮನಿಗೆ ಮಂಡಿ ನೋವು, ಆದರೆ ನಿಧಾನವಾಗಿ ನಡೆಯುತ್ತಾರೆ. ಇಬ್ಬರೂ ಸಸ್ಯಾಹಾರಿಗಳು.

ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿಯಲ್ಲಿ ಹೈಡಲ್‌ಬರ್ಗ್, ರೋಥೆನ್‌ಬುರ್ಗ್, ನೊಯ್‌ಶ್ವಾನ್‌ಸ್ಟೈನ್, ಸಾಲ್ಜ್‌ಬರ್ಗ್, ಪ್ರಾಗ್ ಎಲ್ಲವೂ ಇವೆ. ಹೆಚ್ಚುಕಡಿಮೆ ದಿನಕ್ಕೊಂದು ಊರು. ಇಷ್ಟು ಓಡಿದರೆ ಅಪ್ಪನಿಗೆ ಏನು ಸಿಗುತ್ತದೆ ಎಂಬ ಅನುಮಾನ ನನ್ನದು. ಅಲ್ಲಿ ಇರುವವರು, ಹೋಗಿ ಬಂದವರು ದಯವಿಟ್ಟು ಹೇಳಿ.

ಮೈನ್ಸ್ ಕನ್ನಡತಿ:

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಫ್ರಾಂಕ್‌ಫರ್ಟ್‌ನಲ್ಲಿ ಮನೆ ಇದೆ ಎಂದ ಮೇಲೆ ರೈನ್ ಕಣಿವೆ ನಿಮ್ಮ ಬಾಗಿಲಲ್ಲೇ ಇದೆ. ಬಿಂಗೆನ್, ರೂಡೆಸ್‌ಹೈಮ್‌ನಿಂದ ಕೋಬ್ಲೆಂಜ್‌ವರೆಗಿನ ಸುಮಾರು 65 ಕಿಲೋಮೀಟರ್ ನದಿಯನ್ನು 2002ರಲ್ಲಿ ಯುನೆಸ್ಕೋ ಪಾರಂಪರಿಕ ಪಟ್ಟಿಗೆ ಸೇರಿಸಿದೆ. ಸುಮಾರು ನಲವತ್ತು ಕೋಟೆಗಳು ಆ ಉದ್ದಕ್ಕೂ ಎರಡೂ ದಡದ ಗುಡ್ಡಗಳ ಮೇಲಿವೆ. ದೋಣಿಯಿಂದ ಫೋಟೋ ತೆಗೆದುಕೊಂಡು ಸಂಜೆಗೆ ವಾಪಸಾಗುವವರೇ ಹೆಚ್ಚು. ನಾನು ಹೇಳುವುದು ಬೇರೆ. ಇದೇ ಕಣಿವೆಯ ಒಂದು ಸಣ್ಣ ಊರಿನಲ್ಲಿ ಕೆಲವು ರಾತ್ರಿ ಉಳಿದು, ನಾಲ್ಕೈದು ಕೋಟೆಗಳನ್ನು ಮಾತ್ರ ಸಾವಧಾನವಾಗಿ ನೋಡಿ. ನಿಮ್ಮ ತಂದೆಯವರಂಥ ನೋಡುಗರಿಗೆ ದೇಶ ದೇಶ ಸುತ್ತುವುದಕ್ಕಿಂತ ಇದರಲ್ಲೇ ಹೆಚ್ಚು ಸಿಗುತ್ತದೆ.

ಮೊದಲನೆಯದು ಕೌಬ್ ಊರಿನ ಎದುರು ನದಿಯ ನಡುವೆ ನಿಂತಿರುವ ಪ್ಫಾಲ್ಟ್ಸ್‌ಗ್ರಾಫೆನ್‌ಸ್ಟೈನ್. ಇದು ಅರಮನೆಯಲ್ಲ, ಸುಂಕದ ಕಟ್ಟೆ. ಬವೇರಿಯಾದ ಲುಡ್ವಿಗ್ ದೊರೆ 1327ರ ಸುಮಾರಿಗೆ ಇಲ್ಲಿ ಗೋಪುರ ಎಬ್ಬಿಸಿದ. ಸುತ್ತಲಿನ ಆರು ಮೂಲೆಯ ಗೋಡೆ ಆಮೇಲೆ ಬಂತು. ಪ್ರವಾಹಕ್ಕೆ ಎದುರಾದ ಮೂಲೆ ಚೂಪಾಗಿದೆ, ನೀರಿನ ಹೊಡೆತವನ್ನೂ ಮಂಜುಗಡ್ಡೆಯನ್ನೂ ಸೀಳಿ ಎರಡು ಕಡೆಗೆ ಕಳಿಸಲು. ಸರಕು ತುಂಬಿದ ದೋಣಿ ಸುಂಕ ಕೊಡದೆ ದಾಟುವಂತಿರಲಿಲ್ಲ. ಈ ವ್ಯವಸ್ಥೆ 1860ರ ದಶಕದವರೆಗೂ ನಡೆಯಿತು. ದಡದಿಂದ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ನದಿ ಉಕ್ಕಿದರೆ ದೋಣಿ ಇಲ್ಲ, ಹಾಗಾಗಿ ಹೊರಡುವ ಹಿಂದಿನ ದಿನ ನೋಡಿಕೊಳ್ಳಿ.

ಎರಡನೆಯದು ಬ್ರೌಬಾಖ್ ಊರಿನ ಮೇಲಿರುವ ಮಾರ್ಕ್ಸ್‌ಬುರ್ಗ್. ಮಧ್ಯ ರೈನ್‌ನ ಗುಡ್ಡದ ಕೋಟೆಗಳಲ್ಲಿ ಶತ್ರುಗಳು ಕೆಡವದೆ ಉಳಿದದ್ದು ಇದೊಂದೇ. 1945ರಲ್ಲಿ ಎದುರು ದಡದಿಂದ ಬಂದ ಅಮೆರಿಕನ್ ಶೆಲ್‌ಗಳಿಗೆ ಚಾವಣಿಗಳು ಜಖಂ ಆದವು, ಆದರೆ ಮೂಲ ಕಟ್ಟಡ ನಿಂತಿತು. ಒಳಗೆ ಕುದುರೆ ಸವಾರರಿಗೆಂದು ಬಂಡೆಯಲ್ಲೇ ಕಡಿದ ಮೆಟ್ಟಿಲು, ದೊಡ್ಡ ಒಲೆಯ ಅಡುಗೆಮನೆ, ದ್ರಾಕ್ಷಾರಸದ ನೆಲಮಾಳಿಗೆ, ಕಮ್ಮಾರಸಾಲೆ, ಮೂಲಿಕೆ ತೋಟ ಎಲ್ಲ ಇವೆ. ಗೈಡ್ ಜೊತೆಗೇ ಒಳಗೆ ಹೋಗಬೇಕು. ಹೆಚ್ಚಿನವು ಜರ್ಮನ್ ಭಾಷೆಯಲ್ಲಿ. ಇಂಗ್ಲಿಷ್ ಗೈಡ್ ಯಾವ ಹೊತ್ತಿಗೆ ಎಂದು ಕೇಳಿಕೊಂಡು ಹೋಗಿ. ಸೈನಿಕರು, ಅಡುಗೆಯವರು, ಕಮ್ಮಾರರು ಹೇಗೆ ಬದುಕಿದರು ಎಂದು ಕಾಣಬೇಕಾದರೆ ಈ ಕಣಿವೆಯಲ್ಲಿ ಇದಕ್ಕೆ ಸಮನಾದ ಜಾಗ ಇಲ್ಲ. ಅಮ್ಮನಿಗೆ ಮಾತ್ರ ಇದು ಕಷ್ಟದ ಜಾಗ. ನೆಲ ಏರುಪೇರಿನ ಬಂಡೆ, ಮಳೆ ಬಂದರೆ ಜಾರುತ್ತದೆ.

ಸಾಧನಕೇರಿ:

ಅಕ್ಕಾರ, ನೀವು ಹೇಳೂದು ಖರೆ, ಆದ್ರ ನೊಯ್‌ಶ್ವಾನ್‌ಸ್ಟೈನ್ ಬಿಟ್ಟು ಬರೇ ರೈನ್ ನೋಡೂದನ್ನ ನಾ ಒಪ್ಪೂದಿಲ್ರಿ. ಅಷ್ಟು ದೂರ ಹೋಗಿ ಜಗತ್ತೆಲ್ಲ ನೋಡೂ ಕೋಟಿ ನೋಡ್ಲಿಲ್ಲಂದ್ರ ಮನಿ ಮಂದಿ ಏನ್ ಅಂತಾರ? ನಮ್ಮವ್ವ ಆ ಮರಿಯನ್ ಸೇತುವಿ ಮ್ಯಾಲೆ ನಿಂತು ಎದುರಿಗೆ ಆ ಬಿಳಿ ಗೋಪುರ, ಹಿಂದ ಬಯಲು, ಕೆರಿ ನೋಡಿ ಬಹಳ ಹೊತ್ತು ಸುಮ್ಮನ ನಿಂತಿದ್ಲು. ಅದಕ್ಕ ಬೆಲಿ ಕಟ್ಟಾಕ ಆಗೂದಿಲ್ಲ. ಯಾರಿಗೆ ಏನ್ ಬೇಕೋ ಅದನ್ನ ತೋರಸ್ರಿ. ಇತಿಹಾಸ ಅಪ್ಪಗ ಬೇಕು, ಅವ್ವಗ ಚಂದನ್ನೂದು ಬೇಕಾಗಿರಬಹುದು. ಆಕಿನ್ನೂ ಕೇಳ್ರಿ.

ಕುಕ್ಕರಹಳ್ಳಿ:

ಸಾಧನಕೇರಿ ಅವರೇ, ಅಮ್ಮನನ್ನು ಕೇಳಿಯೇ ಇರಲಿಲ್ಲ. ಈಗಲೇ ಕೇಳುತ್ತೇನೆ.

ಹಳೆಗೋಡೆ:

ಇಬ್ಬರ ಮಾತೂ ನಿಜ, ಆದರೆ ಹೋಗುವವರಿಗೆ ತಾವು ನೋಡುತ್ತಿರುವುದು ಏನೆಂದು ಗೊತ್ತಿದ್ದರೆ ನೋಟವೇ ಬೇರೆಯಾಗುತ್ತದೆ. ನೊಯ್‌ಶ್ವಾನ್‌ಸ್ಟೈನ್ ಕೆಲಸ ಶುರುವಾದದ್ದು 1869ರಲ್ಲಿ. ಕೋವಿ, ಫಿರಂಗಿ, ರೈಲು ಎಲ್ಲ ಬಂದ ಮೇಲೆ. ಬವೇರಿಯಾದ ದೊರೆ ಎರಡನೇ ಲುಡ್ವಿಗ್ ತನಗಾಗಿ ಕಟ್ಟಿಸಿಕೊಂಡ ಕನಸು ಅದು, ರಕ್ಷಣೆಗೆ ಅಲ್ಲ. 1886ರಲ್ಲಿ ಅವನು ತೀರಿಕೊಂಡು ಕೆಲವೇ ವಾರಗಳಲ್ಲಿ ಟಿಕೆಟ್ ಕೊಟ್ಟು ಜನರನ್ನು ಒಳಗೆ ಬಿಟ್ಟರು. 2025ರಲ್ಲಿ ಅವನ ಬೇರೆ ಅರಮನೆಗಳ ಜೊತೆ ಅದೂ ಯುನೆಸ್ಕೋ ಪಟ್ಟಿಗೆ ಬಂತು. ಹತ್ತೊಂಬತ್ತನೇ ಶತಮಾನದ ಅರಮನೆ ಎಂದು ತಿಳಿದು ನೋಡಿದರೆ ಅದರ ಚೆಂದ ಏನೂ ಕಡಿಮೆಯಾಗುವುದಿಲ್ಲ. ಮಧ್ಯಯುಗದ ಕೋಟೆ ಎಂದು ಹೋದವರಿಗೆ ಮಾತ್ರ ಕೈಗೆ ಏನೂ ಸಿಕ್ಕದು. ಒಳಗಿನ ಸುತ್ತು ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಅಷ್ಟೇ, ಫೋಟೋಗೆ ಅನುಮತಿ ಇಲ್ಲ, ಟಿಕೆಟ್ ಮೊದಲೇ ಕಾಯ್ದಿರಿಸಬೇಕು.

ಈಗ ರೈನ್‌ಗೆ ಬರುತ್ತೇನೆ. ಆ ಕಣಿವೆಯನ್ನು ಓದಲು ಮೂರು ಕಾಲ ಗೊತ್ತಿದ್ದರೆ ಸಾಕು. ನಿಮ್ಮ ತಂದೆಯವರಿಗೆ ಇದನ್ನು ಹೊರಡುವ ಮುಂಚೆ ಓದಿ ಹೇಳಿ.

ಮೊದಲನೆಯದು ಸುಂಕದ ಕಾಲ. ಆಲ್ಪ್ಸ್ ಕಡೆಯಿಂದ ಉತ್ತರ ಸಮುದ್ರದ ಕಡೆಗೆ ಸರಕು ಹೋಗುವ ಹೆದ್ದಾರಿ ಈ ನದಿ. ದಡದಲ್ಲಿ ಒಂದು ತುಂಡು ನೆಲವಿದ್ದ ಪ್ರತಿ ಒಡೆಯನೂ ದೋಣಿ ನಿಲ್ಲಿಸಿ ಹಣ ಕೀಳುತ್ತಿದ್ದ. ಸಾಂಕ್ಟ್ ಗೋಆರ್ ಊರಿನ ಮೇಲಿರುವ ರೈನ್‌ಫೆಲ್ಸ್ ಕೋಟೆಯನ್ನು ಕಾಟ್ಸೆನೆಲ್ನ್‌ಬೋಗೆನ್ ವಂಶದ ಕೌಂಟ್ ಡೀಟರ್ 1245ರಲ್ಲಿ ಕಟ್ಟಿದ. ಸುಂಕ ವಿಪರೀತವಾಯಿತೆಂದು ರೈನ್ ದಡದ ನಗರಗಳೆಲ್ಲ ಒಕ್ಕೂಟ ಕಟ್ಟಿಕೊಂಡು 1255ರಲ್ಲಿ ಮುತ್ತಿಗೆ ಹಾಕಿದವು. ವರ್ಷಕ್ಕಿಂತ ಹೆಚ್ಚು ಕಾಲ ಕೂತರೂ ಕೋಟೆ ಬೀಳಲಿಲ್ಲ. ವ್ಯಾಪಾರಿಗಳು ಸೇರಿ ಒಡೆಯನ ಮೇಲೆ ಸೈನ್ಯ ಕಳಿಸಿದ ಕಥೆ ಇದು. ರಾಜರಿಗಿಂತ ಇದು ನನಗೆ ಹೆಚ್ಚು ಮುಖ್ಯ ಎನಿಸುತ್ತದೆ. ನದಿಯ ಮೇಲಿನ ಸುಂಕದಿಂದ ಪೂರ್ತಿ ಬಿಡುಗಡೆ ಸಿಕ್ಕಿದ್ದು 1868ರ ಮಾನ್‌ಹೈಮ್ ಒಪ್ಪಂದದಲ್ಲಿ.

ಎರಡನೆಯದು ಫಿರಂಗಿಯ ಕಾಲ. ಈ ಕೋಟೆಗಳು ಯಾಕೆ ಪಾಳುಬಿದ್ದಿವೆ ಎಂದು ಫಲಕಗಳನ್ನು ಓದುತ್ತಾ ಹೋಗಿ, 1689 ಎಂಬ ಇಸವಿ ಮತ್ತೆ ಮತ್ತೆ ಸಿಗುತ್ತದೆ. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ಸೈನ್ಯ ಈ ಸೀಮೆಯನ್ನು ಸುಟ್ಟು ಸ್ಫೋಟಿಸುತ್ತಾ ಹೋದ ವರ್ಷ. ಹೈಡಲ್‌ಬರ್ಗ್ ಅರಮನೆಯೂ ಅದೇ ಯುದ್ಧದಲ್ಲಿ 1689 ಮತ್ತು 1693ರಲ್ಲಿ ಹಾಳಾಯಿತು. ಆಮೇಲೆ ದುರಸ್ತಿಗೆ ಕೈಹಾಕಿದರೆ 1764ರಲ್ಲಿ ಸಿಡಿಲು ಬಡಿಯಿತು. ರೈನ್‌ಫೆಲ್ಸ್ ಮಾತ್ರ 1692ರ ಫ್ರೆಂಚ್ ಮುತ್ತಿಗೆಗೂ ಬಗ್ಗಲಿಲ್ಲ. ನೂರು ವರ್ಷದ ನಂತರ, 1794ರಲ್ಲಿ, ಕ್ರಾಂತಿಯ ಫ್ರೆಂಚ್ ಸೈನ್ಯಕ್ಕೆ ಹೋರಾಟವಿಲ್ಲದೆ ಬಿಟ್ಟುಕೊಟ್ಟರು. ಅವರು ಸಿಡಿಸಿ ಕೆಡವಿದರು. ಇವತ್ತು ಅಲ್ಲಿ ಉಳಿದಿರುವ ಪಾಳೇ ಒಂದು ಊರಿನಷ್ಟು ದೊಡ್ಡದಿದೆ. ಶತ್ರು ಸುರಂಗ ಕೊರೆದು ಬಂದರೆ ಅವನನ್ನು ನೆಲದಡಿಯಲ್ಲೇ ತಡೆಯಲು ಕೊರೆದ ಪ್ರತಿಸುರಂಗಗಳೂ ಇವೆ. ಯಾವ ಭಾಗ ತೆರೆದಿದೆ ನೋಡಿಕೊಂಡು, ಬ್ಯಾಟರಿ ಜೊತೆಗಿಟ್ಟುಕೊಂಡು ಹೋಗಿ.

ಮೂರನೆಯದು ಪ್ರಷ್ಯಾದ ಕಾಲ. 1815ರ ವಿಯೆನ್ನಾ ಸಭೆಯಲ್ಲಿ ರೈನ್ ಸೀಮೆ ಪ್ರಷ್ಯಾ ಎಂಬ ಜರ್ಮನ್ ರಾಜ್ಯಕ್ಕೆ ಹೋಯಿತು. ಹೊಸ ಒಡೆಯರು ತಾವೇ ಹಳೆಯ ಜರ್ಮನ್ ಪರಂಪರೆಯ ವಾರಸುದಾರರೆಂದು ತೋರಿಸಲು ಪಾಳುಕೋಟೆಗಳನ್ನು ಮತ್ತೆ ಕಟ್ಟಿಸಿದರು. ರೈನ್‌ಸ್ಟೈನ್ 1820ರ ದಶಕದ್ದು. ಕೋಬ್ಲೆಂಜ್ ಬಳಿಯ ಶ್ಟೋಲ್ಸೆನ್‌ಫೆಲ್ಸ್ ಪಾಳನ್ನು ನಗರದವರು 1823ರಲ್ಲಿ ಪ್ರಷ್ಯಾದ ಯುವರಾಜನಿಗೆ ಕಾಣಿಕೆ ಕೊಟ್ಟರು. ಶಿಂಕೆಲ್ ಎಂಬ ವಾಸ್ತುಶಿಲ್ಪಿಯ ನಕ್ಷೆ ಹಿಡಿದು 1842ಕ್ಕೆ ಅರಮನೆ ಮುಗಿಯಿತು. ಅಂದರೆ ದೋಣಿಯಿಂದ ಕಾಣುವ ಅಚ್ಚುಕಟ್ಟಾದ ಹಲವು ಗೋಪುರಗಳಿಗೆ ಇನ್ನೂರು ವರ್ಷದ ವಯಸ್ಸು. ಮಾರ್ಕ್ಸ್‌ಬುರ್ಗ್ ಅನ್ನು 1900ರಲ್ಲಿ ಕೊಂಡುಕೊಂಡ ಜರ್ಮನ್ ಕೋಟೆ ಸಂರಕ್ಷಣಾ ಸಂಘ ಅದನ್ನು ಇಂದಿಗೂ ನೋಡಿಕೊಳ್ಳುತ್ತಿದೆ. ಸಂಘದ ಕಚೇರಿಯೂ ಅಲ್ಲೇ.

ಸಾಧನಕೇರಿ:

ಇಷ್ಟು ಯಾರೂ ಹೇಳಿದ್ದಿಲ್ರಿ ಸರ್. ನಾನೂ ದೋಣ್ಯಾಗ ಕುಂತು ಹೋದಾವ, ಎಲ್ಲಾ ಒಂದೇ ಕಾಲದ್ದು ಅಂತ ತಿಳಕೊಂಡಿದ್ದೆ. ಮುಂದಿನ ಸಲ ಹೋದ್ರ ರೈನ್‌ಫೆಲ್ಸ್ ಸುರಂಗ ನೋಡಾಕ ಬೇಕು.

ಅತ್ತೆ ಮಾವನ ಜೊತೆ ಹೋದವಳು:

ವಯಸ್ಸಾದವರ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ, ಅದಕ್ಕೆ ನಾನು ಬರೆಯುತ್ತೇನೆ. ಕೋಟೆ ಎಂದರೆ ಏರು, ಅದು ತಪ್ಪಿದ್ದಲ್ಲ. ಆದರೆ ಕೋಬ್ಲೆಂಜ್‌ನ ಎರೆನ್‌ಬ್ರೈಟ್‌ಸ್ಟೈನ್ ಕೋಟೆಗೆ ನದಿಯ ಮೇಲಿಂದಲೇ ಕೇಬಲ್ ಕಾರ್ ಇದೆ. ಕೂತುಕೊಂಡು ಮೇಲೆ ಹೋಗಬಹುದು, ಕೆಳಗೆ ಮೋಜೆಲ್ ನದಿ ರೈನ್ ಸೇರುವ ಸಂಗಮ ಪೂರ್ತಿ ಕಾಣುತ್ತದೆ. ನಮ್ಮ ಅತ್ತೆಗೆ ಇಡೀ ಪ್ರವಾಸದಲ್ಲಿ ಹೆಚ್ಚು ಹಿಡಿಸಿದ್ದೇ ಇದು. 1801ರಲ್ಲಿ ಫ್ರೆಂಚರು ಸಿಡಿಸಿದ ಮೇಲೆ ಪ್ರಷ್ಯನ್ನರು 1817ರಿಂದ ಹೊಸದಾಗಿ ಕಟ್ಟಿದ ಕೋಟೆ ಅದು. ಅಂಗಳ ಸಮತಟ್ಟಾಗಿದೆ, ನಡೆಯಲು ಸುಲಭ.

ಅಮ್ಮನನ್ನು ಮಾರ್ಕ್ಸ್‌ಬುರ್ಗ್‌ಗೆ ಹತ್ತಿಸಬೇಡಿ. ಕೆಳಗೆ ಬ್ರೌಬಾಖ್ ಊರೇ ಚೆನ್ನಾಗಿದೆ. ತಂಗಿಯನ್ನು ಅವರ ಜೊತೆ ಕೆಳಗೆ ಬಿಟ್ಟು, ನೀವು ಅಪ್ಪನ ಜೊತೆ ಹತ್ತಿ. ಕಲ್ಲು ಹಾಸಿದ ಬೀದಿಗಳಲ್ಲಿ ತೆಳು ಅಟ್ಟೆಯ ಚಪ್ಪಲಿ ಬೇಡವೇ ಬೇಡ. ಸಣ್ಣ ಸ್ಟೇಷನ್‌ಗಳಲ್ಲಿ ಲಿಫ್ಟ್ ಇರುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ದೊಡ್ಡ ಸೂಟ್‌ಕೇಸ್ ತಂಗಿಯ ಮನೆಯಲ್ಲೇ ಇರಲಿ.

ಊಟದ ವಿಷಯ. ಆಲೂಗಡ್ಡೆ ಹುರಿದದ್ದು, ಆಲೂಗಡ್ಡೆ ಸಲಾಡ್ ಎಂದು ಧೈರ್ಯದಿಂದ ತರಿಸಬೇಡಿ, ಎಷ್ಟೋ ಕಡೆ ಅದರಲ್ಲಿ ಹಂದಿ ಮಾಂಸದ ಸಣ್ಣ ಚೂರು (ಸ್ಪೆಕ್) ಬೆರೆಸಿರುತ್ತಾರೆ. ‘ಓನೆ ಫ್ಲೈಶ್, ಓನೆ ಸ್ಪೆಕ್’ (ಮಾಂಸ ಇಲ್ಲದೆ, ಸ್ಪೆಕ್ ಇಲ್ಲದೆ) ಎಂದು ಎರಡನ್ನೂ ಹೇಳಬೇಕು. ಫ್ಲೈಶ್ ಒಂದನ್ನೇ ಹೇಳಿದರೆ ಸ್ಪೆಕ್ ಬಂದುಬಿಡಬಹುದು. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಸಣ್ಣ ಊರಿನಲ್ಲಿ ಉಳಿಯುವುದಾದರೆ ಶನಿವಾರವೇ ಮೊಸರು, ಹಣ್ಣು, ಬ್ರೆಡ್ ತಂದಿಟ್ಟುಕೊಳ್ಳಿ. ನಾವು ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆವು. ಬಿಸಿನೀರಿನ ಕೆಟಲ್ ಇರುವ ರೂಮು ಹಿಡಿದರೆ ಬೆಳಗಿನ ಚಿಂತೆ ಇಲ್ಲ.

ಕುಕ್ಕರಹಳ್ಳಿ:

ಇದನ್ನು ಅಮ್ಮನಿಗೆ ಓದಿ ಹೇಳಿದೆ, ತುಂಬಾ ಖುಷಿಪಟ್ಟರು. ಅವರಿಗೆ ದೋಣಿಯಲ್ಲಿ ಹೋಗಬೇಕಂತೆ, ಹಳೆಯ ಮರದ ಮನೆಗಳಿರುವ ಊರಿನಲ್ಲಿ ಸಂಜೆ ಕೂರಬೇಕಂತೆ. ನೊಯ್‌ಶ್ವಾನ್‌ಸ್ಟೈನ್ ಬೇಕಾ ಎಂದರೆ ‘ಅಷ್ಟು ದೂರ ಬಸ್ಸಿನಲ್ಲಿ ಕೂರೋಕಾಗಲ್ಲ’ ಎಂದರು. ಹಾಗಾದರೆ ಯಾವ ಊರಿನಲ್ಲಿ ಉಳಿಯಲಿ? ಕಾರು ಬೇಕೇ?

ಮೈನ್ಸ್ ಕನ್ನಡತಿ:

ಕಾರು ಬೇಡ. ಎರಡೂ ದಡದಲ್ಲಿ ರೈಲು ಇದೆ. ಫ್ರಾಂಕ್‌ಫರ್ಟ್‌ನಿಂದ ರೂಡೆಸ್‌ಹೈಮ್, ಕೌಬ್, ಬ್ರೌಬಾಖ್ ಕಡೆಗೆ ಬಲದಂಡೆಯದು. ಮೈನ್ಸ್‌ನಿಂದ ಬಿಂಗೆನ್, ಬಾಖಾರಾಖ್, ಸಾಂಕ್ಟ್ ಗೋಆರ್ ಕಡೆಗೆ ಎಡದಂಡೆಯದು. ಒಂದು ವಿಷಯ ನೆನಪಿರಲಿ, ಮೈನ್ಸ್ ದಾಟಿದ ಮೇಲೆ ಕೋಬ್ಲೆಂಜ್‌ವರೆಗೆ ಒಂದೂ ಸೇತುವೆ ಇಲ್ಲ. ನದಿ ದಾಟಲು ಕಾರು ಸಾಗಿಸುವ ದೋಣಿಗಳೇ ಗತಿ, ರಾತ್ರಿ ತಡವಾದರೆ ಅವೂ ನಿಲ್ಲುತ್ತವೆ. ಯಾವ ದಡಕ್ಕೆ ಹೋಗುತ್ತಿದ್ದೀರಿ ಎಂದು ನೋಡಿಕೊಂಡು ರೈಲು ಹತ್ತಿ.

ಡಾಯ್ಚ್‌ಲ್ಯಾಂಡ್ ಟಿಕೆಟ್ ಎಂಬ ತಿಂಗಳ ಪಾಸ್ ಇದೆ, 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, ಆಮೇಲೆ ಬೆಲೆ ಏರಿದೆ. ಪ್ರಾದೇಶಿಕ ರೈಲು, ಬಸ್ಸು, ಟ್ರಾಮ್ ಎಲ್ಲದಕ್ಕೂ ನಡೆಯುತ್ತದೆ. ವೇಗದ ರೈಲುಗಳಿಗೆ ನಡೆಯದು. ಅದು ಚಂದಾ ಪದ್ಧತಿ. ಆ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳಿಗೂ ಹಣ ಹೋಗುತ್ತದೆ.

ಉಳಿಯಲು ಬಾಖಾರಾಖ್. ಹೆಸರು ಹೇಳಲು ಕಷ್ಟ, ಊರು ಬಹಳ ಚೆಂದ. ಬಿಂಗೆನ್ ಬಳಿ ನದಿಯಲ್ಲಿ ಬಂಡೆಗಳ ಅಡ್ಡಿ ಇದ್ದುದರಿಂದ ದೊಡ್ಡ ದೋಣಿಗಳು ಆಚೆ ಹೋಗುವಂತಿರಲಿಲ್ಲ. ಮೇಲಿನ ಸೀಮೆಯ ದ್ರಾಕ್ಷಾರಸದ ಪೀಪಾಯಿಗಳನ್ನು ಇಲ್ಲಿ ದೊಡ್ಡ ದೋಣಿಗಳಿಗೆ ಏರಿಸುತ್ತಿದ್ದರು. ಊರಿಗೆ ಶ್ರೀಮಂತಿಕೆ ಬಂದದ್ದು ಹಾಗೆ. ಮರದ ಚೌಕಟ್ಟಿನ ಮನೆಗಳ ಬೀದಿ, ಊರಗೋಡೆಯ ಮೇಲೆ ನಡೆಯುವ ದಾರಿ, ಹಿಂದೆ ದ್ರಾಕ್ಷಿ ತೋಟದ ಗುಡ್ಡ. ಮೇಲಿನ ಶ್ಟಾಹ್ಲೆಕ್ ಕೋಟೆ ಯೂತ್ ಹಾಸ್ಟೆಲ್ ಆಗಿದೆ, ಕಡಿಮೆ ಖರ್ಚಿನಲ್ಲಿ ಕೋಟೆಯೊಳಗೇ ಮಲಗಬಹುದು. ಆದರೆ ಮೆಟ್ಟಿಲು ಬಹಳ, ಅಮ್ಮನಿಗೆ ಕೆಳಗೆ ಊರಿನಲ್ಲೇ ರೂಮು ಮಾಡಿ. ರೂಮು ಕಾಯ್ದಿರಿಸುವಾಗ ದ್ರಾಕ್ಷಿ ತೋಟದ ಕಡೆಯದ್ದೇ ಕೊಡಿ ಎಂದು ಕೇಳಿ. ಊರಿಗೂ ನದಿಗೂ ನಡುವೆ ರೈಲು ಹಳಿ ಇದೆ. ಸರಕು ರೈಲುಗಳು ರಾತ್ರಿಯಿಡೀ ಓಡುತ್ತವೆ, ಎರಡೂ ದಡದಲ್ಲಿ.

ಹಳೆಗೋಡೆ:

ಬಾಖಾರಾಖ್‌ಗೆ ಹೋದರೆ ಊರಿನ ಚರ್ಚಿನಿಂದ ಕೋಟೆಗೆ ಹತ್ತುವ ದಾರಿಯಲ್ಲಿ ಚಾವಣಿಯಿಲ್ಲದ ಕೆಂಪು ಕಲ್ಲಿನ ಗಾಥಿಕ್ ಗುಡಿಯೊಂದು ಕಾಣುತ್ತದೆ, ವೆರ್ನರ್ ಚಾಪೆಲ್. ಎಲ್ಲರೂ ಅದರ ಖಾಲಿ ಕಿಟಕಿಗಳ ಫೋಟೋ ತೆಗೆಯುತ್ತಾರೆ. ದಯವಿಟ್ಟು ಅಲ್ಲಿ ನಿಂತು ಫಲಕ ಓದಿ. 1287ರಲ್ಲಿ ವೆರ್ನರ್ ಎಂಬ ಹುಡುಗನ ಹೆಣ ಸಿಕ್ಕಿತು. ಯಹೂದಿಗಳೇ ಕೊಂದರೆಂದು ಸುಳ್ಳು ಹಬ್ಬಿಸಿದರು. ರೈನ್, ಮೋಜೆಲ್ ದಡದ ಊರೂರುಗಳಲ್ಲಿ ಯಹೂದಿಗಳ ಕಗ್ಗೊಲೆ ನಡೆಯಿತು. ಆ ಹುಡುಗನನ್ನು ಸಂತನೆಂದು ಪೂಜಿಸಲು ಎದ್ದ ಗುಡಿ ಇದು. 1689ರಲ್ಲಿ ಮೇಲಿನ ಕೋಟೆಯನ್ನು ಸಿಡಿಸಿದಾಗ ಅದರ ಕಲ್ಲುಗಳು ಉರುಳಿ ಗುಡಿ ಪಾಳಾಯಿತು. ಟ್ರಿಯರ್ ಧರ್ಮಪ್ರಾಂತ್ಯದ ಪಂಚಾಂಗದಿಂದ ಆ ಹಬ್ಬವನ್ನು ತೆಗೆದದ್ದು 1963ರಲ್ಲಿ! ಆರುನೂರು ವರ್ಷಕ್ಕೂ ಹೆಚ್ಚು ಕಾಲ ಒಂದು ಸುಳ್ಳು ನಡೆದುಕೊಂಡು ಬಂತು. ಹಳೆಯ ಊರುಗಳ ಚೆಂದವನ್ನು ನೋಡುವವರು ಇದನ್ನೂ ತಿಳಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ಕಾಲದ ಯಹೂದಿ ಬದುಕಿನ ಗುರುತು ನೋಡಬೇಕಾದರೆ ಮೈನ್ಸ್‌ನಿಂದ ರೈಲಿನಲ್ಲಿ ವೋರ್ಮ್ಸ್‌ಗೆ ಹೋಗಿ. ಅಲ್ಲಿನ ಸ್ಮಶಾನದಲ್ಲಿ ಹನ್ನೊಂದನೇ ಶತಮಾನದ ಸಮಾಧಿ ಕಲ್ಲುಗಳು ಇನ್ನೂ ನಿಂತಿವೆ. ಶ್ಪಯರ್, ವೋರ್ಮ್ಸ್, ಮೈನ್ಸ್ ಮೂರೂ ಸೇರಿ 2021ರಲ್ಲಿ ಯುನೆಸ್ಕೋ ಪಟ್ಟಿಗೆ ಬಂದವು. ಊರು ಬಹುಮಟ್ಟಿಗೆ ಸಮತಟ್ಟು, ಅಮ್ಮನೂ ಬರಬಹುದು.

ಬಲ್ಮಠದ ಹುಡುಗ:

ಕನ್ನಡದವರು ಅಷ್ಟು ದೂರ ಹೋಗಿ ಈ ಎರಡು ಊರು ಬಿಟ್ಟರೆ ಬೇಸರವಾಗುತ್ತದೆ. ಸ್ಟುಟ್‌ಗಾರ್ಟ್ ಬಳಿಯ ಎಸ್ಲಿಂಗೆನ್ ಮತ್ತು ಟ್ಯೂಬಿಂಗೆನ್. 1843ರಲ್ಲಿ ನಮ್ಮ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು 1881ರಲ್ಲಿ, ಎಸ್ಲಿಂಗೆನ್‌ನಲ್ಲಿ. ಆ ಊರಿನಲ್ಲಿ ಹದಿನಾಲ್ಕನೇ ಶತಮಾನದ ಮರದ ಚೌಕಟ್ಟಿನ ಮನೆಗಳ ಸಾಲು ಈಗಲೂ ಇದೆ. ಗುಡ್ಡದ ಮೇಲೆ ಕಾಣುವುದು ಯಾವ ದೊರೆಯ ಅರಮನೆಯೂ ಅಲ್ಲ, ಊರಿನವರೇ ತಮ್ಮ ರಕ್ಷಣೆಗೆ ಕಟ್ಟಿಕೊಂಡ ಗೋಡೆ, ಬುರುಜು.

ಟ್ಯೂಬಿಂಗೆನ್ ಕಿಟೆಲ್ ಅವರು ಕೊನೆಗೆ ನೆಲೆಸಿದ ಊರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಹಾಕಿದ ಅವರ ಕನ್ನಡ ನಿಘಂಟಿಗೆ ಮನ್ನಣೆಯಾಗಿ ಅಲ್ಲಿನ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಕೊನೆಯ ವರ್ಷಗಳನ್ನು ಅಲ್ಲೇ ಕಳೆದು 1903ರಲ್ಲಿ ತೀರಿಕೊಂಡರು. ಯುದ್ಧದ ಬಾಂಬಿಗೆ ಹೆಚ್ಚು ಸಿಗದ ಊರಾದ್ದರಿಂದ ಅವರು ನಡೆದಾಡಿದ ಬೀದಿಗಳು ಹೆಚ್ಚುಕಡಿಮೆ ಹಾಗೇ ಇವೆ. ಗುಡ್ಡದ ಮೇಲಿನ ಹೋಹೆನ್‌ಟ್ಯೂಬಿಂಗೆನ್ ಕೋಟೆಯನ್ನು ತಪ್ಪಿಸಬೇಡಿ. ಅದರ ಹಳೆಯ ಅಡುಗೆಮನೆಯೇ ಆಗ ಪ್ರಯೋಗಶಾಲೆ. 1869ರಲ್ಲಿ ಮಿಷರ್ ಎಂಬ ಯುವಕ ನಾವು ಈಗ ಡಿಎನ್‌ಎ ಎನ್ನುವ ವಸ್ತುವನ್ನು ಮೊದಲ ಬಾರಿಗೆ ಬೇರ್ಪಡಿಸಿದ್ದು ಅಲ್ಲಿ. ಅದೇ ಕೋಟೆಯ ಮ್ಯೂಸಿಯಂನಲ್ಲಿ ಮಾಮತ್ ದಂತದಲ್ಲಿ ಕೆತ್ತಿದ ಪುಟ್ಟ ಪ್ರಾಣಿಗಳಿವೆ, ಹಿಮಯುಗದವು, ಹತ್ತಿರ ಹತ್ತಿರ ನಲವತ್ತು ಸಾವಿರ ವರ್ಷ ಹಳೆಯವು. ಇತಿಹಾಸದ ಮೇಷ್ಟ್ರಿಗೆ ಇದಕ್ಕಿಂತ ಇನ್ನೇನು ಬೇಕು ಸರ್?

ಕುಕ್ಕರಹಳ್ಳಿ:

ಕಿಟೆಲ್ ವಿಷಯ ಹೇಳಿದ ಕೂಡಲೇ ಅಪ್ಪ ಎದ್ದು ಕಪಾಟಿನಿಂದ ನಿಘಂಟು ತಂದರು. ಟ್ಯೂಬಿಂಗೆನ್ ಖಚಿತ. ಪ್ರಾಗ್, ಸಾಲ್ಜ್‌ಬರ್ಗ್ ಈ ಸಲ ಬೇಡ ಎಂದು ಮನೆಯಲ್ಲಿ ಒಪ್ಪಿಗೆಯಾಯಿತು. ಬಾಖಾರಾಖ್‌ನಲ್ಲಿ ಉಳಿದು ಕೌಬ್, ರೈನ್‌ಫೆಲ್ಸ್, ಮಾರ್ಕ್ಸ್‌ಬುರ್ಗ್, ಎರೆನ್‌ಬ್ರೈಟ್‌ಸ್ಟೈನ್. ಆಮೇಲೆ ವೋರ್ಮ್ಸ್, ಟ್ಯೂಬಿಂಗೆನ್, ಎಸ್ಲಿಂಗೆನ್. ಒಂದೇ ಪ್ರಶ್ನೆ ಉಳಿದಿದೆ. ಎಲ್ಟ್ಸ್ ಕೋಟೆಯ ಫೋಟೋ ನೋಡಿ ಅಪ್ಪ ಆಸೆಪಡುತ್ತಿದ್ದಾರೆ. ಸೇರಿಸಬಹುದೇ?

ಹಳೆಗೋಡೆ:

ಖಂಡಿತ ಸೇರಿಸಿ. ಅದು ಮೋಜೆಲ್ ಕಡೆಯದು, ಮಾರ್ಕ್ಸ್‌ಬುರ್ಗ್‌ನಂತೆ ಅದೂ ನಾಶವಾಗದೆ ಉಳಿದ ಕೋಟೆ, ಎಂಟುನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಒಂದೇ ಮನೆತನದ ಕೈಯಲ್ಲಿದೆ. ಮೂರು ಶಾಖೆಗಳು ಒಂದೇ ಗೋಡೆಯೊಳಗೆ ಬೇರೆ ಬೇರೆ ಮನೆ ಕಟ್ಟಿಕೊಂಡು, ಅಂಗಳ ಮಾತ್ರ ಹಂಚಿಕೊಂಡು ಬಾಳಿದವು, ನಮ್ಮಲ್ಲಿ ಪಾಲಾದ ಅಣ್ಣತಮ್ಮಂದಿರು ತೊಟ್ಟಿಮನೆಯಲ್ಲಿ ಇರುವಂತೆ. ಹಾಗಾಗಿಯೇ ಗೋಪುರಗಳೆಲ್ಲ ಒಂದರ ಪಕ್ಕ ಒಂದು ಇಕ್ಕಟ್ಟಾಗಿ ಎದ್ದಿವೆ. ಹಳೆಯ 500 ಮಾರ್ಕ್ ನೋಟಿನ ಮೇಲೆ ಇದ್ದದ್ದು ಇದೇ ಕೋಟೆ. ಎದುರು ಗುಡ್ಡದಲ್ಲಿ ಟ್ರುಟ್ಸ್‌ಎಲ್ಟ್ಸ್ ಎಂಬ ಸಣ್ಣ ಪಾಳು ಇದೆ. 1330ರ ದಶಕದಲ್ಲಿ ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡುಯಿನ್ ಈ ಮನೆತನವನ್ನು ಬಗ್ಗಿಸಲು, ಕಲ್ಲು ಎಸೆಯುವಷ್ಟು ಸಮೀಪದಲ್ಲಿ ಕಟ್ಟಿಸಿದ ಮುತ್ತಿಗೆ ಕೋಟೆ. ನಿಮ್ಮ ತಂದೆಯವರಿಗೆ ಅದನ್ನೂ ತೋರಿಸಿ.

ಮೈನ್ಸ್ ಕನ್ನಡತಿ:

ಹೋಗುವ ದಾರಿ: ಕೋಬ್ಲೆಂಜ್‌ನಿಂದ ಮೋಜೆಲ್ ದಡದ ರೈಲಿನಲ್ಲಿ ಮೋಜೆಲ್‌ಕೆರ್ನ್, ಅಲ್ಲಿಂದ ತೊರೆಯ ಪಕ್ಕದಲ್ಲೇ ಕಾಡಿನೊಳಗೆ ಒಂದೂವರೆ ಗಂಟೆಯ ನಡಿಗೆ. ಅಪ್ಪನಿಗೆ ಸೊಗಸಾದ ದಾರಿ, ಅಮ್ಮನಿಗೆ ಆಗದು. ಅವರಿಗೆ ಟ್ಯಾಕ್ಸಿ ಮಾಡಿ. ಕಾರು ನಿಲ್ಲಿಸುವ ಜಾಗದಿಂದ ಕೋಟೆಗೆ ಸಣ್ಣ ವ್ಯಾನ್ ಓಡಾಡುತ್ತದೆ. ಚಳಿಗಾಲದಲ್ಲಿ ಎಲ್ಟ್ಸ್ ಮುಚ್ಚಿರುತ್ತದೆ, ನೀವು ಮೇ ತಿಂಗಳಲ್ಲಿ ಬರುವುದರಿಂದ ತೊಂದರೆ ಇಲ್ಲ. ರೈನ್ ದೋಣಿಗಳೂ ಆ ಹೊತ್ತಿಗೆ ಓಡುತ್ತವೆ. 2029ರಲ್ಲಿ ರಾಷ್ಟ್ರಮಟ್ಟದ ತೋಟಗಾರಿಕೆ ಪ್ರದರ್ಶನ ಇದೇ ಕಣಿವೆಯಲ್ಲಿ ನಡೆಯಲಿದೆ, ಅದರ ತಯಾರಿಯ ಕೆಲಸಗಳು ಅಲ್ಲಲ್ಲಿ ನಡೆದಿವೆ. ಹೊರಡುವ ವಾರದಲ್ಲಿ ಪ್ರತಿ ಕೋಟೆಯ ಜಾಲತಾಣವನ್ನೂ ಒಮ್ಮೆ ನೋಡಿಬಿಡಿ.

ವೀಸಾ ವಿಷಯಕ್ಕೆ: ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು ಇರಬೇಕು. ಈಗ ಎಲ್ಲ ರಾತ್ರಿಗಳೂ ಜರ್ಮನಿಯಲ್ಲೇ ಆದ್ದರಿಂದ ಯಾವ ದೇಶಕ್ಕೆ ಅರ್ಜಿ ಎಂಬ ಗೊಂದಲವೂ ಇಲ್ಲ. ತಂಗಿಯಿಂದ ಆಹ್ವಾನ ಪತ್ರ ಈಗಲೇ ತರಿಸಿಕೊಳ್ಳಿ.